ಎರಡು ಹಾಡುಗಳ ನಡುವೆ ನನ್ನ ಮಾತು

ಮಾತಿನ ಚಟಕ್ಕೆ ಮದ್ದಿಲ್ಲ. ಕುಡಿಯುವವನನ್ನು ಹೆಂಡತಿ ಬೈಯಬಹುದು, ಇಸ್ಪೀಟು ಆಡುವವನನ್ನು ಪೊಲೀಸರು ಹಿಡಿಯಬಹುದು; ಮಾತಿನ ಚಟದವನನ್ನು ಮಾತ್ರ ಜನ ತಾವಾಗಿಯೇ ಕರೆದು ಕೈಗೆ ಮೈಕು ಕೊಡುತ್ತಾರೆ. ನನ್ನ ಗತಿ ಆದದ್ದೂ ಹೀಗೆಯೇ. ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಂಡು, ಮಕ್ಕಳ ಆಕಳಿಕೆ ನೋಡಿಕೊಂಡು ಸುಖವಾಗಿದ್ದೆ. ನಮ್ಮೂರ ಸಮುದಾಯ ರೇಡಿಯೋದವರು ಕರೆದು, 'ಭಾನುವಾರ ಒಂದು ಗಂಟೆ ಹಾಡು ಹಾಕಿ ಸಾರ್. ಹಳೇದೂ ಇರ್ಲಿ, ಹೊಸದೂ ಇರ್ಲಿ. ನಡುವೆ ಒಂದೆರಡು ಮಾತಾಡಿ' ಎಂದರು. ಆ 'ಒಂದೆರಡು' ಎಂಬುದನ್ನು ಅವರು ಉಪಚಾರಕ್ಕೆ ಹೇಳಿರಬೇಕೆಂದು ನಾನು ತಿಳಿದುಕೊಂಡೆ.

ಹಳೆಯ ಹಾಡಿನ ಹಿಂದೆ ಹೊಸ ಹಾಡು ಹಾಕುವುದರಲ್ಲಿ ಏನಿದೆ ಮಹಾ ಎಂದು ನಿಮಗೆ ಅನ್ನಿಸಬಹುದು. ಒಂದರ ಬಾಲಕ್ಕೆ ಇನ್ನೊಂದರ ತಲೆ ಕೂಡಬೇಕು ಸ್ವಾಮಿ. ಹಳೆಯದರಲ್ಲಿ ಭಕ್ತನೊಬ್ಬ ದೇವರನ್ನು ಕರೆದು ಕರೆದು ಸುಸ್ತಾಗುತ್ತಾನೆ, ದೇವರು ಓಗೊಡುವುದಿಲ್ಲ. ಹೊಸದರಲ್ಲಿ ಹುಡುಗನೊಬ್ಬ ಫೋನು ಮಾಡಿ ಮಾಡಿ ಸುಸ್ತಾಗುತ್ತಾನೆ, ಹುಡುಗಿ ಎತ್ತುವುದಿಲ್ಲ. ಇವೆರಡರ ನಡುವೆ ನಿಂತು 'ಕೇಳುಗರೇ, ಕರೆಯುವುದಷ್ಟೇ ನಮ್ಮ ಕೆಲಸ' ಎಂದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಆದರೆ ಒಂದು ವಾರ, ಯುದ್ಧದಲ್ಲಿ ಎಲ್ಲ ಕಳೆದುಕೊಂಡ ರಾಜ ಅಳುವ ಹಳೆಯ ರಂಗಗೀತೆಗೂ, ಬೈಕಿನ ಮೇಲೆ ಧೂಳೆಬ್ಬಿಸಿಕೊಂಡು ಬರುವ ನಾಯಕನ ಹೊಸ ಹಾಡಿಗೂ ಏನು ಮಾಡಿದರೂ ನಂಟು ಕುದುರಲಿಲ್ಲ. ಬಿಡುತ್ತೇನೆಯೇ? ಅಳುವ ರಾಜನಿಂದ ಯುದ್ಧವನ್ನೇ ಬಿಟ್ಟ ಅಶೋಕನಿಗೆ ಬಂದೆ. ಅಶೋಕನಿಂದ ನಮ್ಮ ಜಟಿಂಗ ರಾಮೇಶ್ವರ ಬೆಟ್ಟದ ಮೇಲಿನ ಅವನ ಶಾಸನಕ್ಕೆ, ಶಾಸನದಿಂದ ಬೆಟ್ಟದ ದಾರಿಗೆ, ದಾರಿಯಿಂದ ಬೈಕಿಗೆ.

ರೇಡಿಯೋದ ಉಸ್ತುವಾರಿ ಶಾರದಮ್ಮನವರು ಮರುದಿನವೇ ಫೋನು ಮಾಡಿದರು. 'ಸಾರ್, ಹಾಡು ನಾಲ್ಕು ನಿಮಿಷ ಐತೆ, ನಿಮ್ಮ ಮಾತು ಆರು ನಿಮಿಷ. ಅಶೋಕ ಬೈಕ್ ಹತ್ತೋ ಹೊತ್ತಿಗೆ ಕೇಳೋರೆಲ್ಲ ಎದ್ದು ಹೋಗಿರ್ತಾರೆ' ಎಂದರು. ನಾನು ಆರರಿಂದ ಮೂರಕ್ಕೆ ಇಳಿದೆ. ತಿಂಗಳು ಕಳೆದ ಮೇಲೆ ಅವರು ಕಡ್ಡಿ ಮುರಿದಂತೆ ಹೇಳಿದರು: 'ಇನ್ಮೇಲೆ ಅರ್ಧ ನಿಮಿಷ ಅಷ್ಟೇ. ನಿಮ್ಮ ಮಾತು ಬೇಕು ಅನ್ನೋ ಒಬ್ಬರನ್ನ ತೋರಿಸಿ, ಆಮೇಲೆ ನಾನು ಅಡ್ಡ ಬರಲ್ಲ.'

ಅರ್ಧ ನಿಮಿಷ! ಅಷ್ಟರಲ್ಲಿ ನನಗೆ ಗಂಟಲೂ ಸರಿಹೋಗುವುದಿಲ್ಲ. ಆದರೆ ನಾನು ಹೆದರಲಿಲ್ಲ, ಏಕೆಂದರೆ ನನ್ನ ಬಳಿ ಅಂಜಿನಪ್ಪ ಇದ್ದರು. ಅಂಜಿನಪ್ಪ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ನಮ್ಮ ರೇಡಿಯೋದ ಅಲೆ ಊರಾಚೆಯ ಉಳ್ಳಾರ್ತಿ ಕಾವಲಿನವರೆಗೆ ಹೋಗುವಷ್ಟರಲ್ಲೇ ಸುಸ್ತಾಗುತ್ತದೆ. ಅಂಜಿನಪ್ಪ ಕೇಳುವುದು ಮೊಬೈಲಿನ ಆ್ಯಪಿನಲ್ಲಿ. ನಾನು ಅವರ ಮುಖ ನೋಡಿದವನಲ್ಲ, ಆದರೂ ಅಶೋಕನ ವಾರದಿಂದ ಶುರುವಾಗಿ ಪ್ರತಿ ಭಾನುವಾರ ನನಗೊಂದು ಧ್ವನಿಸಂದೇಶ ತಪ್ಪದೆ ಬರುತ್ತಿತ್ತು: 'ನಮಸ್ಕಾರ ಸಾರ್, ಮೊಳಕಾಲ್ಮೂರಿಂದ ಅಂಜಿನಪ್ಪ. ಹಾಡು ಭಾಳ ಚೆನ್ನಾಗಿದ್ವು. ನಿಮ್ಮ ಮಾತು ಇನ್ನೊಂದ್ ಸ್ವಲ್ಪ ಉದ್ದ ಇದ್ದಿದ್ರೆ ಚೆನ್ನಾಗಿರ್ತಿತ್ತು.' ಇದನ್ನು ನಾನು ಎಷ್ಟು ಸಲ ಕೇಳಿದ್ದೇನೆ ಎಂದು ಹೇಳಲು ನಾಚಿಕೆಯಾಗುತ್ತದೆ. ನಮ್ಮ ಕಾರ್ಯಕ್ರಮ ಶುಕ್ರವಾರವೇ ಧ್ವನಿಮುದ್ರಣವಾಗಿ ಭಾನುವಾರ ಹತ್ತಕ್ಕೆ ಪ್ರಸಾರವಾಗುತ್ತದೆ. ಆ ವಾರದ್ದು ಶಾರದಮ್ಮನವರ ಅಪ್ಪಣೆಗೆ ಮೊದಲೇ, ಮೂರು ನಿಮಿಷದ ಲೆಕ್ಕದಲ್ಲೇ ಮುಗಿದಿತ್ತು. ಹಾಗಾಗಿ ಭಾನುವಾರ ಬೆಳಗಿನ ಬಸ್ಸು ಹತ್ತಿದೆ. ಅಂಜಿನಪ್ಪ ನನ್ನ ಮಾತು ಕೇಳಿ ತಲೆದೂಗುವಾಗಲೇ ಅವರ ಅಭಿಪ್ರಾಯವನ್ನು ದಾಖಲಿಸಿಕೊಂಡು ಶಾರದಮ್ಮನವರ ಮುಂದಿಡುವುದು ನನ್ನ ಯೋಜನೆ.

ಅಂಜಿನಪ್ಪ ಬಾಗಿಲಿಗೇ ಬಂದು ಕೈ ಹಿಡಿದುಕೊಂಡರು. 'ಕೂಚೋಂಡಿ ಸಾರ್, ಕೂಚೋಂಡಿ' ಎಂದು ತೆಲುಗಿನಲ್ಲೇ ಉಪಚರಿಸಿ, ಮಗ್ಗದ ಪಕ್ಕ ಕುರ್ಚಿ ಹಾಕಿದರು. ಮಗ್ಗದ ಮೇಲಿದ್ದ ಸೀರೆಗೆ ಅಂಚಿನ ಬಣ್ಣ ಬೇರೆ, ಒಡಲಿನ ಬಣ್ಣ ಬೇರೆ. ಆಚೆ ಅಂಚಿನ ಲಾಳಿ ಹಾಕಲು ಇನ್ನೊಬ್ಬರು ಜೊತೆಗೆ ಕೂರಲೇಬೇಕು. ಅಲ್ಲಿ ಅವರ ಹೆಂಡತಿ ಸಾವಿತ್ರಮ್ಮ ಕೂತಿದ್ದರು. ಇಬ್ಬರ ನಡುವೆ ಮೊಳೆಗೆ ಮೊಬೈಲು ತೂಗುಹಾಕಿತ್ತು. ಹಳೆಯ ಹಾಡು ಬಂತು. ಅದು ಅಂಜಿನಪ್ಪನವರ ಹಾಡೆಂದು ನೋಡಿದರೇ ತಿಳಿಯುತ್ತಿತ್ತು. ಕಣ್ಣು ಅರೆಮುಚ್ಚಿಯೇ ನೇಯುತ್ತಿದ್ದರು. ಹಾಡು ಮುಗಿಯಿತು. 'ಆತ್ಮೀಯ ಕೇಳುಗರೇ...' ಎಂದು ನನ್ನ ದನಿ ಶುರುವಾಯಿತು. ನಾನು ದಾಖಲಿಸುವ ಗುಂಡಿ ಒತ್ತಿ ಮುಂದಕ್ಕೆ ಬಾಗಿದೆ.

ಸಾವಿತ್ರಮ್ಮ ತಲೆಯೆತ್ತದೆ ಕೈ ಚಾಚಿ ಮೊಬೈಲಿನ ಸದ್ದು ಅಡಗಿಸಿದರು.

'ಸೆರಗಿಗೆ ಯಾವ ಕೆಂಪು ಹಾಕ್ತೀರಾ?' ಎಂದು ಗಂಡನನ್ನು ಕೇಳಿದರು. ಆಮೇಲೆ ಕುರ್ಚಿಯಲ್ಲಿ ನಾನಿರುವುದು ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಅಂಜಿನಪ್ಪ ಮಗ್ಗದ ಕೆಳಗೆ ಏನೋ ಬಿದ್ದಂತೆ ಹುಡುಕತೊಡಗಿದರು. ನಾನು 'ಇರ್ಲಿ, ಇರ್ಲಿ' ಎಂದೆ.

'ಬೇಜಾರ್ ಮಾಡ್ಕೋಬೇಡ್ರಿ ಮೇಷ್ಟ್ರೇ' ಎಂದರು ಸಾವಿತ್ರಮ್ಮ. 'ಹಳೇ ಹಾಡು ಬಂದಾಗ ನಾನು ಬಾಯಿಬಿಟ್ರೆ ಇವರಿಗೆ ಸಿಟ್ಟು. ಹೊಸ ಹಾಡು ಬಂದಾಗ ಇವರು ಬಾಯಿಬಿಟ್ರೆ ನನಗೆ ಸಿಟ್ಟು. ನಮಗೆ ಮಾತಾಡಾಕೆ ಸಿಗೋದು ನೀವು ಮಾತಾಡೋ ಹೊತ್ತೇ.'

ಅವರೇ ಪೂರ್ತಿ ಕಥೆ ಹೇಳಿದರು. ಸೀರೆಯ ಅಂಚಿಗೆ ನವಿಲಿನ ಚಿತ್ತಾರ ಹೂಡಿದ್ದು ಸಾವಿತ್ರಮ್ಮ. ದೂರದಿಂದ ಬಂದ ವ್ಯಾಪಾರಿಯ ಮುಂದೆ ಅಂಜಿನಪ್ಪ ಮೀಸೆ ತಿರುವಿ 'ನವಿಲು ನಂದೇ' ಎಂದುಬಿಟ್ಟರಂತೆ. ಅವತ್ತಿನಿಂದ ಒಂದೇ ಮಗ್ಗದ ಎರಡು ಬದಿಗೆ ಕೂತು ಇಬ್ಬರಿಗೂ ಮಾತಿಲ್ಲ. ಎಳೆ ತಪ್ಪಿದರೂ ಹೇಳುವವರಿಲ್ಲ. ಸೀರೆ ಮೊಳದಷ್ಟೂ ಮುಂದೆ ಹೋಗಲಿಲ್ಲ. ಹೀಗಿರುವಾಗ ಒಂದು ಭಾನುವಾರ ರೇಡಿಯೋದಲ್ಲಿ ನನ್ನ ಅಶೋಕ ಬೆಟ್ಟ ಹತ್ತತೊಡಗಿದ. ಸಾವಿತ್ರಮ್ಮ ತಡೆಯಲಾರದೆ ಸದ್ದು ಅಡಗಿಸಿದರು. 'ಸದ್ಯ, ಬದುಕಿದ್ವಿ' ಎಂದರಂತೆ ಅಂಜಿನಪ್ಪ. ಸಾವಿತ್ರಮ್ಮ ಫಕ್ಕನೆ ನಕ್ಕರಂತೆ. ಅಂದಿನಿಂದ ವಾರವಾರವೂ ನನ್ನ ಮಾತಿನಷ್ಟು ಉದ್ದಕ್ಕೆ ಅವರಲ್ಲಿ ಮಾತು, ಮಿಕ್ಕ ಹೊತ್ತು ಮುನಿಸು.

'ಹಳೇ ಎಳೆಗೆ ಹೊಸ ಎಳೆ ನಾವೂ ಕೆಚ್ತೀವಿ ಮೇಷ್ಟ್ರೇ' ಎಂದು ಸಾವಿತ್ರಮ್ಮ ಎರಡು ನೂಲಿನ ತುದಿಗಳನ್ನು ಬೆರಳಲ್ಲಿ ಹೊಸೆದು ತೋರಿಸಿದರು. 'ಕೆಚ್ಚಿದ್ದು ಸೀರೇಲಿ ಕಾಣಬಾರದು. ನಿಮ್ಮದರಾಗೆ ಸೀರೆಗಿಂತ ಗಂಟೇ ದೊಡ್ಡದು.' ಸರಿಯಾಗಿ ಮೂರು ನಿಮಿಷಕ್ಕೆ ಸದ್ದು ಏರಿಸಿದರು. ಹೊಸ ಹಾಡು ಆಗಷ್ಟೇ ಶುರುವಾಗಿತ್ತು.

ಬಸ್ಸಿನಲ್ಲಿ ನನಗೆ ನಿಜಕ್ಕೂ ಬೇಜಾರಾಯಿತು, ಸುಳ್ಳೇಕೆ ಹೇಳಲಿ? ಮನೆಯಲ್ಲಿ ಹೆಂಡತಿಗೆ ಹೇಳಿಕೊಂಡೆ. 'ನಾನೂ ಅಷ್ಟೇರಿ, ನೀವು ಮಾತಾಡುವಾಗಲೇ ಮಿಕ್ಸಿ ಹಾಕ್ತೀನಿ' ಎಂದು ಸಮಾಧಾನ ಮಾಡಿದಳು. ದಾಖಲಿಸಿದ್ದನ್ನು ಅಳಿಸಿಬಿಡೋಣವೆಂದುಕೊಂಡಿದ್ದೆ, ಕೈ ಬರಲಿಲ್ಲ. ರೇಡಿಯೋಗೆ ಒಯ್ದಾಗ ಶಾರದಮ್ಮನವರು ಅದನ್ನು ಎರಡು ಸಲ ಹಾಕಿಸಿಕೊಂಡು ಕೇಳಿದರು. ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕೊನೆಗೆ, 'ಮೂರು ನಿಮಿಷ ಮಾತಾಡಿ ಸಾರ್. ನಾನೇನ್ ಅನ್ನಲ್ಲ' ಎಂದರು.

ಮುಂದಿನ ಶುಕ್ರವಾರ ನನಗೆ ಶೀತವಾಗಿತ್ತು. ಕೆಮ್ಮು ಬಂದು ಒಂದೊಂದು ನಿಮಿಷಕ್ಕೇ ಮಾತು ಮುಗಿಸಿದೆ. ಭಾನುವಾರ ಹನ್ನೊಂದಕ್ಕೆ ಸರಿಯಾಗಿ ಅಂಜಿನಪ್ಪನವರ ದನಿ ಬಂತು, ಪಿಸುಮಾತಿನಲ್ಲಿ: 'ಏನ್ ಸಾರ್, ಅರ್ಧಕ್ಕೇ ನಿಲ್ಲಿಸಿಬಿಟ್ರಲ್ಲ. ನವಿಲು ನಿಂದೇ ಕಣೇ, ತಪ್ಪಾಯ್ತು ಅಂತ ಹೇಳಾಕೆ ಬಾಯಿ ತೆಗೆದಿದ್ದೆ, ಅಷ್ಟರಾಗೆ ಅವಳ ಹಾಡು ಬಂದ್ಬಿಡ್ತು. ಬರೋ ವಾರ ಒಂದ್ ಐದು ನಿಮಿಷ ಎಳೀರಿ ಸಾರ್, ಕೈ ಮುಗೀತೀನಿ.'

ಶಾರದಮ್ಮನವರನ್ನು ಬೇಡಿ ಐದು ನಿಮಿಷ ಪಡೆದುಕೊಂಡು ನಿನ್ನೆಯಿಂದ ಬರೆಯಲು ಕೂತಿದ್ದೇನೆ. ಮೊದಲು ಬರೆದ ಎರಡು ಪುಟ ಓದಿಕೊಂಡರೆ ನನಗೇ ಖುಷಿಯಾಗುವಷ್ಟು ಚೆನ್ನಾಗಿ ಬಂದಿತ್ತು. ಸಾವಿತ್ರಮ್ಮ ಎಲ್ಲಿ ಸದ್ದು ಅಡಗಿಸದೆ ಕೇಳುತ್ತ ಕೂತುಬಿಡುತ್ತಾರೋ ಎಂದು ಗಾಬರಿಯಾಗಿ ಹರಿದುಹಾಕಿದೆ. ಈಗ ಮಣ್ಣಿನ ವಿಧಗಳ ಬಗ್ಗೆ ಬರೆಯುತ್ತಿದ್ದೇನೆ.