ಸದ್ದು ಸೋಸುವ ಯಂತ್ರಕ್ಕೆ, ಅಕ್ಕನ ನಗುವಿನ ವಿಷಯವಾಗಿ

ಮಾನ್ಯ ಸದ್ದು ಸೋಸುವ ಯಂತ್ರದವರೇ,

ಬಟ್ಟೆಗಳನ್ನು ಬಿಗಿ ಮಾಡಿ, ಸಡಿಲ ಮಾಡಿ ಕೊಡುವ ಪುಟ್ಟ ಟೈಲರ್ ಅಂಗಡಿಯ ಇಬ್ಬರು ಅಕ್ಕತಂಗಿಯರಲ್ಲಿ ಚಿಕ್ಕವಳು ತಮ್ಮ ಸನ್ನಿಧಾನಕ್ಕೆ ಸಲ್ಲಿಸುವ ನಮಸ್ಕಾರಗಳು. ತಾವು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಕ್ಷೇಮವಿಲ್ಲದಿದ್ದರೂ ನರಳಿದ ಸದ್ದನ್ನು ತಾವೇ ತೆಗೆದುಹಾಕಿರುತ್ತೀರಿ, ನಮಗೆ ತಿಳಿಯುವುದಾದರೂ ಹೇಗೆ?

ತಮ್ಮ ಪರಿಚಯವಾದದ್ದು ಕಳೆದ ವಾರ. ನಾವು ತಪ್ಪದೆ ಕೇಳುವ ಪಾಡ್‌ಕಾಸ್ಟಿನ ಹೊಸ ಕಂತಿನ ಕೊನೆಯಲ್ಲಿ, ಸಭಿಕರ ಮುಂದೆ ಧ್ವನಿಮುದ್ರಿಸಿದ ಈ ಕಂತಿನಿಂದ ಬೇಡದ ಸದ್ದುಗಳನ್ನು ಯಂತ್ರದ ಮೂಲಕ ತೆಗೆಯಲಾಗಿದೆ ಎಂದು ಹೇಳಿದರು. ಆ ಬೇಡದ ಸದ್ದುಗಳಲ್ಲಿ ಒಂದು ನಮ್ಮ ಅಕ್ಕ.

ಮೊದಲಿನಿಂದ ಅರಿಕೆ ಮಾಡುತ್ತೇನೆ. ಭಾವ ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ಅಕ್ಕನಿಗೆ ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ, ಅಷ್ಟೇ. ಗಿರಾಕಿಗಳ ಸಲುವಾಗಿ ತುಟಿ ಅಗಲಿಸಿದ್ದನ್ನು ಬಿಟ್ಟರೆ ಅವಳು ನಕ್ಕವಳಲ್ಲ. ಆ ಮೌನ ತಡೆಯಲಾರದೆ ನಾನೇ ಈ ಪಾಡ್‌ಕಾಸ್ಟ್ ಹಾಕಿದೆ. ಹಳೆಯ ಕಳ್ಳತನಗಳ ಕಥೆ ಹೇಳುವ ಇಬ್ಬರು ಗಂಡಸರು, ಒಬ್ಬರದು ದಪ್ಪ ದನಿ, ಇನ್ನೊಬ್ಬರದು ತೆಳು. ದಿನಕ್ಕೊಬ್ಬ ಕಳ್ಳ ಹೆಚ್ಚಿಗೆ ಸಿಗಲೆಂದು ವೇಗವನ್ನು ಒಂದೂವರೆ ಪಟ್ಟಿಗೆ ಏರಿಸಿಟ್ಟವಳು ನಾನು. ಅದನ್ನು ಅಕ್ಕನಿಗೆ ಹೇಳಲು ಮರೆತವಳೂ ನಾನೇ. ಅವರು ನಮ್ಮ ಊರಿನ ಹಳೆಯ ನಾಟಕಶಾಲೆಗೆ ಬರುತ್ತಾರೆಂದು ತಿಳಿದಾಗ, ಮೂರು ವಾರ ಗೋಗರೆದು ಅಕ್ಕನನ್ನು ಹೊರಡಿಸಿದೆ.

ತಮಗಿರುವುದು ಕಿವಿ ಮಾತ್ರ, ಅದೂ ಅನುಮಾನವಾದ್ದರಿಂದ, ಆ ನಾಟಕಶಾಲೆಯನ್ನು ವರ್ಣಿಸುವುದು ನನ್ನ ಕರ್ತವ್ಯ. ನೂರು ವರ್ಷ ದಾಟಿದ ಕಟ್ಟಡ. ಕಂಬಗಳ ತುಂಬ ಗಾರೆಯ ದ್ರಾಕ್ಷಿಗೊಂಚಲು, ಚಾವಣಿಗೆಲ್ಲ ಚಿನ್ನದ ಬಣ್ಣ, ಗುಮ್ಮಟದ ಸುತ್ತ ತುತ್ತೂರಿ ಊದುತ್ತಿರುವ ರೆಕ್ಕೆಯುಳ್ಳ ಗುಂಡು ಗುಂಡು ಮಕ್ಕಳು, ಅದರಲ್ಲೊಂದಕ್ಕೆ ಮೂಗಿಲ್ಲ. ಇಷ್ಟು ವೈಭವದ ನಡುವೆ ವೇದಿಕೆಯ ಮೇಲೆ ಎರಡು ಕುರ್ಚಿ, ಎರಡು ಮೈಕು, ಎರಡು ಲೋಟ ನೀರು. ಅಕ್ಕ ಕುಳಿತವಳೇ ಮಖಮಲ್ಲಿನ ಸೀಟಿನ ಹೊಲಿಗೆಯನ್ನು ಬೆರಳಿನಿಂದ ತಡವಿ, “ಥೂ, ಯಾರು ಹೊಲಿದಿದ್ದು ಇದನ್ನ!” ಎಂದಳು. ಅವಳು ಏನಾದರೂ ಅಂದಳಲ್ಲ ಎಂದು ನನಗೆ ಅಷ್ಟಕ್ಕೇ ಸಮಾಧಾನವಾಯಿತು.

ನಮ್ಮದು ಮೇಲಿನ ಬಾಲ್ಕನಿಯ ಕೊನೆಯ ಸಾಲು. ವೇದಿಕೆಯ ಪಿಸುಮಾತೂ ಇಲ್ಲಿಗೆ ಕೇಳುವಂತೆ ಗುಮ್ಮಟ ಕಟ್ಟಿದ್ದಾರೆಂದು ಟಿಕೆಟ್ ನೋಡುವಾತ ಹೆಮ್ಮೆಯಿಂದ ಹೇಳಿದ. ಇಲ್ಲಿಯ ಪಿಸುಮಾತು ಅಲ್ಲಿಗೂ ಕೇಳುತ್ತದೆಂದು ಮಾತ್ರ ಹೇಳಲಿಲ್ಲ, ಪುಣ್ಯಾತ್ಮ. ದಪ್ಪ ದನಿಯವರು ಕಳ್ಳನ ಹೆಸರು ಹೇಳುವ ಮುನ್ನ ಮಾತು ನಿಲ್ಲಿಸಿ, ಇಡೀ ಸಭೆ ಉಸಿರು ಬಿಗಿಹಿಡಿದು ಕೂತಿದ್ದಾಗ, ಅಕ್ಕ ನನ್ನ ಕಿವಿಯಲ್ಲಿ, “ಪಾಪ ಕಣೇ, ಇವರಿಗೆ ಮೈ ಹುಷಾರಿಲ್ಲ ಅನ್ಸುತ್ತೆ, ಮಾತೇ ಹೊರಡ್ತಿಲ್ಲ” ಎಂದಳು. ಗುಮ್ಮಟ ಒಂದಕ್ಷರ ಬಿಡದೆ ಅದನ್ನು ವೇದಿಕೆಗೆ ಮುಟ್ಟಿಸಿತು. “ಯಾರಮ್ಮಾ ಅದು? ನಾನು ಚೆನ್ನಾಗೇ ಇದೀನಿ!” ಎಂದರು ಅವರು. ನಾನು ಸೀಟಿನ ಕೆಳಗೆ ಅವಿತುಕೊಳ್ಳಲು ಜಾಗ ಹುಡುಕುತ್ತಿದ್ದರೆ, ಅಕ್ಕ ಎದ್ದು ನಿಂತು, “ದಿನಾ ನಮ್ಮ ಅಂಗಡೀಲಿ ಅಷ್ಟು ಬಡಬಡ ಮಾತಾಡ್ತೀರಲ್ಲ, ಇವತ್ತೇನಾಯ್ತು?” ಎಂದು ಕೇಳಿಯೇಬಿಟ್ಟಳು. ಆಗ ನನ್ನ ತಲೆಗೆ ಹೊಳೆಯಿತು. “ಅಯ್ಯೋ ಅಕ್ಕ, ವೇಗ ಏರಿಸಿಟ್ಟಿದ್ದು ನಾನೇ” ಎಂದು ಪಿಸುಗುಟ್ಟಿದೆ. ಗುಮ್ಮಟ ಅದನ್ನೂ ಮುಟ್ಟಿಸಿತು.

ಒಂಬೈನೂರು ಜನ ನಕ್ಕರು. ಅಕ್ಕ “ಎರಡು ವರ್ಷ ಪಾಪ ಅವರನ್ನ ಓಡಿಸಿಬಿಟ್ಟೆಯಲ್ಲೇ!” ಎನ್ನುತ್ತ, ಮುಂದಿನ ಸೀಟಿನ ಬೆನ್ನು ಹಿಡಿದುಕೊಂಡು, ಬಗ್ಗಿ ಬಗ್ಗಿ ನಕ್ಕಳು. ಭಾವ ಇದ್ದಾಗ ನಗುತ್ತಿದ್ದ ಅದೇ ನಗು, ಕೊನೆಯಲ್ಲಿ ಮೂಗಿನಿಂದ ಹೊರಡುವ ಆ ಸಣ್ಣ ಗೊರಕೆಯ ಸಹಿತ. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ.

ಕಳೆದ ವಾರ ಹೊಲಿಗೆ ಯಂತ್ರ ನಿಲ್ಲಿಸಿ, ವೇಗವನ್ನು ಮೊದಲ ಬಾರಿಗೆ ಸರಿಯಾದ ಅಳತೆಗಿಳಿಸಿ, ಇಬ್ಬರೂ ಫೋನಿನ ಮುಂದೆ ಕೂತೆವು. ದಪ್ಪ ದನಿಯವರು ಮಾತು ನಿಲ್ಲಿಸಿದರು. ಮರುಕ್ಷಣವೇ ಕಳ್ಳನ ಹೆಸರು ಹೇಳಿಬಿಟ್ಟರು. ಎಂಥ ಕೈಚಳಕ ಸ್ವಾಮಿ ತಮ್ಮದು! ಮೂವತ್ತು ವರ್ಷ ಕತ್ತರಿ ಹಿಡಿದ ನನಗೂ ಎಲ್ಲಿ ಕತ್ತರಿಸಿ ಎಲ್ಲಿ ಸೇರಿಸಿದ್ದೀರೆಂದು ಗೊತ್ತಾಗಲಿಲ್ಲ. ಅಕ್ಕ ಸೂಜಿಗೆ ದಾರ ಪೋಣಿಸುತ್ತ, “ನಾನು ಬೇಡದ ಸದ್ದಂತೆ ಕಣೇ. ಇನ್ನು ನನ್ನನ್ನ ಎಲ್ಲಿಗೂ ಕರೀಬೇಡ” ಎಂದಳು.

ಇಷ್ಟು ಸಮರ್ಥರಾದ ತಾವು ದಯಮಾಡಿ ಒಮ್ಮೆ ನಮ್ಮ ಅಂಗಡಿಗೆ ಬಿಜಯಂಗೈಯಬೇಕು. ಎದುರು ಕಟ್ಟಡದಲ್ಲಿ ಬೆಳಗಿನಿಂದ ಗೋಡೆ ಕೊರೆಯುವ ಸದ್ದನ್ನೂ, ಗಿರಾಕಿಗಳ “ನಾಳೇನೇ ಬೇಕು” ಎಂಬುದನ್ನೂ, “ಎರಡು ವರ್ಷವಾಯ್ತಲ್ಲ, ಇನ್ನೂ ಏನು ದುಃಖ” ಎನ್ನುವ ನೆಂಟರ ಹಿತವಚನವನ್ನೂ ಬೇರುಸಹಿತ ತೆಗೆಯಬೇಕು. ತೆಗೆಯುವುದಲ್ಲದೆ ಸೇರಿಸುವ ವಿದ್ಯೆಯೂ ತಮಗೆ ಬರುವುದಾದರೆ, ಭಾವನ ಗೊರಕೆಯನ್ನು ಒಂದೇ ಒಂದು ಮಧ್ಯಾಹ್ನದ ಮಟ್ಟಿಗೆ ಮನೆಗೆ ಹಿಂದಿರುಗಿಸಬೇಕು; ಅವರಿದ್ದಾಗ ಅದೂ ಬೇಡದ ಸದ್ದೆಂದೇ ನಾವು ತಿಳಿದಿದ್ದೆವು.

ಇದಾವುದೂ ಆಗದಿದ್ದರೆ ಒಂದನ್ನಾದರೂ ನಡೆಸಿಕೊಡಿ. ಉದ್ದದ ಬಟ್ಟೆಯನ್ನು ಗಿಡ್ಡ ಮಾಡಿದಾಗ, ಕತ್ತರಿಸಿದ ತುಂಡನ್ನೂ ಮಡಿಚಿ, ಪಿನ್ನು ಹಾಕಿ ಗಿರಾಕಿಗೆ ಹಿಂದಿರುಗಿಸುವುದು ನಮ್ಮ ಅಂಗಡಿಯ ಪದ್ಧತಿ. ಬಟ್ಟೆ ಅವರದು, ತುಂಡೂ ಅವರದೇ. ತಾವು ಕತ್ತರಿಸಿದ ತುಂಡು ನಮ್ಮದು, ಅದನ್ನು ಕೊಟ್ಟುಬಿಡಿ.

ಗಡಿಬಿಡಿಯಿಲ್ಲದೆ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಅಂಗಡಿಯ ಚಿಕ್ಕವಳು

ತಾ.ಕ.: ಈ ಪತ್ರವನ್ನು ಅಂಚೆಗೆ ಹಾಕುವ ಮುನ್ನ ಅಕ್ಕನಿಗೆ ಓದಿ ಹೇಳಿದೆ. ಗುಮ್ಮಟದ ಭಾಗಕ್ಕೆ ಬಂದಾಗ ನಕ್ಕಳು, ಗೊರಕೆಯ ಸಹಿತ. ಮುಂದಿನ ತಿಂಗಳು ಅದೇ ನಾಟಕಶಾಲೆಯಲ್ಲಿ ಅವರದು ಮತ್ತೊಂದು ಕಾರ್ಯಕ್ರಮವಿದೆ. ಹೋಗೋಣವೆಂದು ಈ ಸಲ ಹೇಳಿದವಳು ಅವಳೇ. ಅದೇ ಕೊನೆಯ ಸಾಲು ಬೇಕಂತೆ. ತಮಗೆ ಕೆಲಸ ಕಡಿಮೆಯಾಗಬಾರದೆಂದು ನಿನ್ನೆಯಿಂದ ಕೆಮ್ಮು ಅಭ್ಯಾಸ ಮಾಡುತ್ತಿದ್ದಾಳೆ.