ಹಲ್ಲಿಲ್ಲದ ಕೀಲಿಕೈಯ ಮಹಾಸಮರ

ಕೇಳಿರಯ್ಯಾ, ಕಂತು ಕಟ್ಟುವವರೇ, ಕಟ್ಟಲಾರದೆ ಹಿಂಬಾಗಿಲಿಂದ ಓಡಾಡುವವರೇ! ಇದು ಸಾಲಯುಗ. ಹಿಂದಿನ ಯುಗಗಳಲ್ಲಿ ಧನ ಬೇಕೆಂದವರು ಒಂಟಿಕಾಲಲ್ಲಿ ನಿಂತು ತಪಸ್ಸು ಮಾಡಬೇಕಿತ್ತು. ಈ ಯುಗದಲ್ಲಿ ಧನವೇ ಲಕೋಟೆಯೊಳಗೆ ಕುಳಿತು, ಅಂಚೆಯಣ್ಣನ ಸೈಕಲ್ಲೇರಿ, ಬೇಡವೆಂದವರ ಹೊಸ್ತಿಲಿಗೂ ಬಂದು ಬೀಳುತ್ತದೆ. ಇಂಥ ಯುಗದಲ್ಲಿ ಅರಸೀಕೆರೆಯೆಂಬ ಪಟ್ಟಣದ ರೈಲ್ವೆ ಸ್ಟೇಷನ್ನಿನ ಎದುರು, ಪಂಚಲೀವರ್-ಸಪ್ತಲೀವರ್-ಬೀಗಗರ್ವಭಂಜಕನೂ, ಅರಾಯುಧಪಾಣಿಯೂ, ಕಳೆದುಹೋದ ಕೀಲಿಕೈಗಳ ಪುನರ್ಜನ್ಮದಾತನೂ ಆದ ಪಂಚಾಕ್ಷರಿಯೆಂಬ ವೀರನು ಬೀಗ ರಿಪೇರಿಯ ಪೆಟ್ಟಿಗೆ ಅಂಗಡಿಯೊಂದನ್ನು ಆಳುತ್ತಿದ್ದನು.

ಮೂರು ಲೋಕದ ಬೀಗಗಳಿಗೆ ಹೆದರದ ಈ ವೀರನಿಗೆ ಒಂದೇ ಒಂದು ಭಯ. ಕನಕವೃಷ್ಟಿ ಫೈನಾನ್ಸಿನ ಸಾಲದಲ್ಲಿ ಕೊಂಡ ಕೀ ಕಟಿಂಗ್ ಮಷೀನಿನ ಒಂದು ಕಂತು ಬಾಕಿ ಬಿದ್ದಿತ್ತು. ಮಷೀನು ಹೋದರೆ ಅಂಗಡಿಯೂ ಹೋದಂತೆ, ಮನೆಯ ಒಲೆಯೂ ಆರಿದಂತೆ.

ಅದೊಂದು ಸೋಮವಾರ, ಒಂದೇ ಟಪಾಲಿನಲ್ಲಿ, ಅದೇ ಕನಕವೃಷ್ಟಿಯಿಂದ ಎರಡು ಲಕೋಟೆಗಳು ಬಂದವು. ಬಿಳಿಯದರಲ್ಲಿ ಹೀಗಿತ್ತು: ಶನಿವಾರದೊಳಗೆ ಬಾಕಿ ಕಂತು ಕಟ್ಟದಿದ್ದರೆ ಮಷೀನು ಎತ್ತಿಕೊಂಡು ಹೋಗಲಾಗುವುದು. ಬಂಗಾರದ ಬಣ್ಣದ್ದರಲ್ಲಿ ಹೀಗಿತ್ತು: “ಪ್ರೀತಿಯ ಪಂಚಾಕ್ಷರಿಯವರೇ, ನಿಮ್ಮ ಶಿಸ್ತಿಗೆ ನಾವು ಮಾರುಹೋಗಿದ್ದೇವೆ! ಲಕ್ಷದಲ್ಲಿ ಒಬ್ಬರಾದ ನಿಮಗೆ ಇಗೋ ಅದೃಷ್ಟದ ಕೀಲಿಕೈ. ಇದರಿಂದ ನಮ್ಮ ಶಾಖೆಯ ಭಾಗ್ಯದ ಪೆಟ್ಟಿಗೆ ತೆರೆದರೆ ಒಳಗಿನ ನಿಧಿ ನಿಮ್ಮದೇ. ತೆರೆಯದಿದ್ದರೆ ಚಿಂತೆ ಬೇಡ, ಹೊಸ ಸಾಲ ನಿಮ್ಮದೇ!” ಕೆಳಗೆ ಹಿತ್ತಾಳೆಯ ಕೀಲಿಕೈಯೊಂದನ್ನು ಗೋಂದು ಹಚ್ಚಿ ಅಂಟಿಸಿದ್ದರು.

ಪಂಚಾಕ್ಷರಿ ಅದನ್ನು ಕಿತ್ತು ಬೆಳಕಿಗೆ ಹಿಡಿದನು. ಅದಕ್ಕೆ ಹಲ್ಲೇ ಇರಲಿಲ್ಲ. ಮಷೀನಿಗೆ ಕೊಡುವ ಮೊದಲು ಇರುತ್ತದಲ್ಲ, ಅಂಥ ಬೋಳು ಕೀಲಿಕೈ. ಬೇರೆ ಯಾರಾದರೂ ಆಗಿದ್ದರೆ ಮಗುವಿಗೆ ಆಡಲು ಕೊಟ್ಟು ಸುಮ್ಮನಾಗುತ್ತಿದ್ದರು. ಬೀಗದವನ ಮನೆಗೆ ಬೋಳು ಕೈ ಕಳಿಸಿದರೆ ಅದು ಅವನ ಕುಲಕ್ಕೇ ಮಾಡಿದ ಅವಮಾನ. ವೀರನ ಮೀಸೆ ಅದುರಿತು.

“ಮಂಗಳಾ, ಕೇಳು ನನ್ನ ಪ್ರತಿಜ್ಞೆಯನ್ನು!” ಎಂದು ಹೆಂಡತಿ ಸರ್ವಮಂಗಳೆಯ ಮುಂದೆ ಗರ್ಜಿಸಿದನು. “ಮೂರು ತಲೆಮಾರಿನ ಬೀಗವಿದ್ಯೆಯ ಮೇಲಾಣೆ! ಆ ಮಾಯಾಪೇಟಿಕೆಯ ಎದೆಯನ್ನು ಇದೇ ಕೈಯಿಂದ ತೆರೆದು, ನಿಧಿಯನ್ನು ತಂದು, ಮಷೀನನ್ನು ಬಿಡಿಸಿಕೊಳ್ಳದಿದ್ದರೆ ನನ್ನ ಅರಕ್ಕೆ ತುಕ್ಕು ಹಿಡಿಯಲಿ!”

“ತೆಗೀರಿ, ಯಾರು ಬ್ಯಾಡ ಅಂದ್ರು? ಆದ್ರೆ ಅಲ್ಲಿ ಯಾವ ಕಾಗದಕ್ಕೂ ಸೈನ್ ಗೀನ್ ಹಾಕ್ಬ್ಯಾಡಿ,” ಎಂದಳು ಸರ್ವಮಂಗಳೆ, ಅಕ್ಕಿ ಆರಿಸುತ್ತಾ.

ಅರ, ಇಕ್ಕಳ, ಮೇಣದಬತ್ತಿ, ಬೆಂಕಿಪೊಟ್ಟಣಗಳೆಂಬ ಚತುರಂಗಬಲದೊಡನೆ ಪಂಚಾಕ್ಷರಿಯು ಕನಕವೃಷ್ಟಿಯ ಶಾಖೆಯನ್ನು ಹೊಕ್ಕು ನೋಡಲಾಗಿ, ಲಕ್ಷದಲ್ಲಿ ಒಬ್ಬರಾದವರು ಅಲ್ಲಿ ನಲವತ್ತು ಜನ ಸಾಲುಗಟ್ಟಿ ನಿಂತಿದ್ದರು. ಎಲ್ಲರ ಕೈಯಲ್ಲೂ ಅದೇ ಬೋಳು ಕೈ. ಒಬ್ಬೊಬ್ಬರೇ ಹೋಗಿ ಕೆಂಪು ವೆಲ್ವೆಟ್ಟಿನ ಮೇಲೆ ಕೂತಿದ್ದ ಪೆಟ್ಟಿಗೆಯ ಬೀಗಕ್ಕೆ ತೂರಿಸುವರು, ತಿರುಗಿಸುವರು, ಸೋಲುವರು. ಸೋತವರನ್ನು ಪಕ್ಕದ ಮೇಜಿಗೆ ಕರೆದೊಯ್ದು, ಜ್ಯೂಸ್ ಕೊಟ್ಟು, ಹೊಸ ಸಾಲದ ಅರ್ಜಿಯನ್ನು ಮುಂದಿಡುತ್ತಿದ್ದರು.

ಪಂಚಾಕ್ಷರಿಯ ಸರದಿ ಬಂತು. ಅವನ ತಂದೆ ಹೇಳಿಕೊಟ್ಟಿದ್ದ ನೇಮಗಳು ಎರಡೇ: ಯಜಮಾನ ಎದುರಿಗೆ ನಿಂತು ‘ತೆಗಿ’ ಎನ್ನದೆ ಬೀಗ ಮುಟ್ಟಬಾರದು, ‘ತೆಗಿ’ ಎಂದವನೇ ಕೂಲಿ ಕೊಡಬೇಕು, ಒಳಗೆ ಏನೇ ಇರಲಿ.

“ಸಾರ್, ಪೆಟ್ಟಿಗೆ ನಿಮ್ದೇ ತಾನೇ?” ಎಂದು ಟೈ ಕಟ್ಟಿದ ಮ್ಯಾನೇಜರ್ ಸುದರ್ಶನನನ್ನು ಕೇಳಿದನು.

“ನಮ್ದೇ ಸಾರ್.”

“ಹಂಗಾದ್ರೆ ತೆಗಿ ಅಂತ ಬಾಯ್ಬಿಟ್ಟು ಹೇಳಿ.”

“ತೆಗೀರಿ ಸಾರ್, ತೆಗೀರಿ!” ಎಂದು ಮ್ಯಾನೇಜರ್ ಸಾಲಿನ ಕಡೆ ಕಣ್ಣು ಮಿಟುಕಿಸಿ ನಕ್ಕನು.

ಆಗ ನಡೆಯಿತು ನೋಡಿ ಯುದ್ಧ! ಪಂಚಾಕ್ಷರಿ ಮೇಣದಬತ್ತಿ ಹಚ್ಚಿ, ಬೋಳು ಕೈಯನ್ನು ಹೊಗೆಯಲ್ಲಿ ಹಿಡಿದು ಮಸಿ ಮಾಡಿದನು. ಬೀಗದೊಳಗೆ ತೂರಿಸಿ ಅದುಮಿ ತಿರುಗಿಸಿ ಹೊರತೆಗೆದನು. ಒಳಗಿನ ಲೀವರುಗಳು ಒತ್ತಿದ ಕಡೆಯೆಲ್ಲ ಮಸಿ ಅಳಿಸಿ, ಹಿತ್ತಾಳೆ ಮಿನುಗಿತು. ಶತ್ರು ತನ್ನ ಗುಟ್ಟನ್ನು ತಾನೇ ಬರೆದುಕೊಟ್ಟಿದ್ದನು. ಗುರುತು ಬಿದ್ದಲ್ಲಿ ಅರದಿಂದ ತೀಡಿದನು. ಮತ್ತೆ ಮಸಿ, ಮತ್ತೆ ತೂರು, ಮತ್ತೆ ತೀಡು. ಹಿತ್ತಾಳೆಯ ಪುಡಿ ವೆಲ್ವೆಟ್ಟಿನ ಮೇಲೆ ಉದುರಿತು. ಮ್ಯಾನೇಜರನ ನಗೆ ಐದನೆಯ ಸಲಕ್ಕೆ ಮಾಸಿತು. ಏಳನೆಯ ಸಲ ಬೀಗ ಟಕ್ಕೆಂದಿತು.

ನಲವತ್ತು ಜನ ಉಸಿರು ಬಿಗಿಹಿಡಿದರು. ಮುಚ್ಚಳ ಮೇಲೆದ್ದಿತು. ಒಳಗೆ, ಹತ್ತಿಯ ಮೆತ್ತೆಯ ಮೇಲೆ, ಕನಕವೃಷ್ಟಿಯ ಹೆಸರು ಬರೆದ ಒಂದು ಪ್ಲಾಸ್ಟಿಕ್ ಕೀ ಬಂಚ್ ಮಲಗಿತ್ತು.

ಅಂಥವು ಪಂಚಾಕ್ಷರಿಯ ಅಂಗಡಿಯಲ್ಲೇ ಒಂದು ಡಜನ್ ನೇತಾಡುತ್ತಿದ್ದವು. ಹತ್ತು ರೂಪಾಯಿಗೆ ಕೊಟ್ಟರೂ ಯಾರೂ ಕೊಳ್ಳುತ್ತಿರಲಿಲ್ಲ. ಅವನಿಗೆ ಮಷೀನು ಹೋಯಿತೆಂದೇ ಅನ್ನಿಸಿ, ಇಷ್ಟು ಜನರೆದುರು ಅಳು ಬಂದೀತೆಂದು ನಾಚಿಕೆಯಾಯಿತು. ಆಗ ತಂದೆಯ ಎರಡನೆಯ ನೇಮ ನೆನಪಾಯಿತು.

“ಕೂಲಿ ಕೊಡಿ ಸಾರ್. ನೂರೈವತ್ತು.”

“ಯಾವ ಕೂಲಿ?”

“ತೆಗೀರಿ ಅಂದೋರು ನೀವು.”

“ಹೌದಪ್ಪಾ, ಎರಡ್ಸಲ ಅಂದ, ನನ್ ಕಿವಿಯಾರೆ ಕೇಳಿದ್ದೀನಿ!” ಎಂದು ಸಾಲಿನಲ್ಲಿದ್ದ ಹೂ ಮಾರುವ ಸಾಕಮ್ಮ ಕೂಗಿದಳು. ಸಾಲೆಲ್ಲ ಹೋ ಎಂದಿತು. ಮ್ಯಾನೇಜರ್ ಬೆವರೊರೆಸಿಕೊಂಡು ಕ್ಯಾಷಿಯರಿಗೆ ಸನ್ನೆ ಮಾಡಿದನು. ಕ್ಯಾಷಿಯರ್ ಹಣವನ್ನು ಕೈಗೆ ಕೊಡಲಿಲ್ಲ. ಪಂಚಾಕ್ಷರಿಯ ವಿಳಂಬ ಶುಲ್ಕಕ್ಕೆ ಜಮಾ ಮಾಡಿ ರಸೀದಿ ಹರಿದು ಕೊಟ್ಟನು.

ರಸೀದಿಯನ್ನೂ ಕೀ ಬಂಚನ್ನೂ ಜೇಬಿಗಿಳಿಸಿ ವೀರನು ತಲೆತಗ್ಗಿಸಿ ಮೆಟ್ಟಿಲಿಳಿಯುವಾಗ ಸಾಕಮ್ಮ ಹಿಂದೆಯೇ ಬಂದಳು.

“ಅಣ್ಣಾ, ಆ ಕೈಗೆ ಹಲ್ಲು ಕೊರದ್ಯಲ್ಲ, ನನ್ ಕೈಗೂ ನಮ್ಮನೆ ಬೀಗದ್ದು ಕೊರ್ಕೊಡ್ತೀಯಾ? ಇರೋದೊಂದೇ ಕೀ. ನಾನು ಹೂವ ಮಾರಿ ಬರೋಗಂಟ ಸೊಸೆ ಜಗಲೀಲಿ ಕೂತಿರ್ತಾಳೆ.”

ಪಂಚಾಕ್ಷರಿ ತಿರುಗಿ ನೋಡಿದನು. ಇಡೀ ಸಾಲೇ, ಮೇಜಿನ ಮೇಲಿನ ಅರ್ಜಿಗಳನ್ನು ಬಿಟ್ಟು, ಅವನ ಹಿಂದೆ ಬರುತ್ತಿತ್ತು. ನಲವತ್ತು ಬೋಳು ಕೈ, ಒಂದನ್ನೂ ಅವನು ಕೊಳ್ಳಬೇಕಾಗಿರಲಿಲ್ಲ.

“ಕೈ ನಿಮ್ದು, ಹಲ್ಲು ನಮ್ದು. ಬನ್ನಿ!” ಎಂದನು.

ನಾಲ್ಕು ದಿನ ಆ ಮಷೀನು ಕಿರ್ರೆಂದು ಮೊರೆಯಿತು. ಸುದ್ದಿ ಹಬ್ಬಿ ಪಕ್ಕದ ಬೀದಿಗಳಿಂದಲೂ ಲಕ್ಷದಲ್ಲಿ ಒಬ್ಬರಾದವರು ಬಂದರು. ಶುಕ್ರವಾರ ಸಂಜೆಗೆ ಕಂತು ಕೂಡಿತು.

ಶನಿವಾರ ವಸೂಲಿಗೆ ತಿಮ್ಮೇಶನೆಂಬವನು ಬೈಕಿನ ಹಿಂದೆ ಹಗ್ಗ ಕಟ್ಟಿಕೊಂಡು, ಕಾಲದೂತನಂತೆ ಬಂದಿಳಿದನು. ಕಂತನ್ನು ಎಣಿಸಿಕೊಂಡನು. ಹಗ್ಗದ ಕಡೆ ನೋಡಿದನು, ಮಷೀನಿನ ಕಡೆ ನೋಡಿದನು, ಅತ್ತಿತ್ತ ನೋಡಿದನು. ಆಮೇಲೆ ಜೇಬಿನಿಂದ ಬೋಳು ಹಿತ್ತಾಳೆ ಕೈಯೊಂದನ್ನು ಮೆಲ್ಲಗೆ ತೆಗೆದನು.

“ನಂಗೂ ಬಂದಿತ್ತು ಸಾರ್. ಬೈಕ್ ಸಾಲ ಅವರತ್ರಾನೇ ಇದೆ. ನಮ್ಮನೆ ಬೀಗಕ್ಕೆ ಒಂದು ಹೊಡ್ಕೊಡಿ. ಎಷ್ಟು?”

“ನಲವತ್ತು.”

“ಮೂವತ್ತು ಮಾಡ್ಕೊಳ್ಳಿ ಸಾರ್.”

ಹೀಗೆ ಕನಕವೃಷ್ಟಿಗೂ ಬೀಗವಂಶಕ್ಕೂ ನಡೆದ ಮಹಾಸಮರವು ಮೂವತ್ತೈದು ರೂಪಾಯಿಗೆ ರಾಜಿಯಾಯಿತು. ತಿಮ್ಮೇಶ ನಲವತ್ತು ಕೊಟ್ಟನು. ಐದು ರೂಪಾಯಿ ಚಿಲ್ಲರೆ ಇರಲಿಲ್ಲವಾಗಿ, ಪಂಚಾಕ್ಷರಿಯು ಭಾಗ್ಯದ ಪೆಟ್ಟಿಗೆಯ ಮಹಾನಿಧಿಯನ್ನು ಜೇಬಿನಿಂದ ತೆಗೆದು ಅವನ ಕೈಗಿಟ್ಟು ಲೆಕ್ಕ ಚುಕ್ತಾ ಮಾಡಿದನು.