ಪ್ಲೂಟೋಗೆ ಹೆಣ್ಣು ಕೊಡಲ್ಲ

ನಾನಾಗಿ ಜಗಳ ಹುಡುಕಿಕೊಂಡು ಹೋಗಲ್ಲ ಕಣ್ರೀ, ಅವೇ ನನ್ನ ವಿಳಾಸ ಕೇಳಿಕೊಂಡು ಬರ್ತವೆ. ಹೈಸ್ಕೂಲಲ್ಲಿ ಚರಿತ್ರೆ ಪಾಠ ಮಾಡೋಳು ನಾನು. ಬೇಲೂರಿನ ಶಿಕ್ಷಕರ ನಾಟಕ ಸ್ಪರ್ಧೆಯಲ್ಲಿ ನಾಲ್ಕು ವರ್ಷ ಬರೀ ಸಮಾಧಾನಕರ ಬಹುಮಾನ ತಗೊಂಡು ಹೊಟ್ಟೆ ಉರಿದುಹೋಗಿತ್ತು. ಈ ಸಲ ಮೊದಲ ಬಹುಮಾನ ಬಿಡಬಾರದು ಅಂತ ರೋಮನ್ನರ ಪಾತಾಳದ ದೊರೆ ಪ್ಲೂಟೋನ ಕಥೆ ಆರಿಸಿದೆ.

೧. ಹೆಡ್‌ಮಾಸ್ಟರ ತಕರಾರು

"ಗ್ರೀಕರಲ್ಲಿ ಹೇಡೀಸ್, ರೋಮನ್ನರಲ್ಲಿ ಪ್ಲೂಟೋ. ಆಸಾಮಿ ಒಬ್ಬನೇ ಸಾರ್," ಅಂದೆ.

"ಮತ್ತೆ ಎರಡು ಹೆಸರು ಯಾಕೆ?"

"ಗ್ರೀಸಿನಿಂದ ರೋಮಿಗೆ ಹೋದಾಗ ಬದಲಾಯ್ತು."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ವರ್ಗಾವಣೆ ಸರಿ ಮೇಡಂ. ಹೆಸರು ಬದಲಾವಣೆಗೆ ಅಫಿಡವಿಟ್ ಎಲ್ಲಿ?"

೨. ಬಾಗಿಲು ಕಾಯೋ ನಾಯಿ

ಪ್ಲೂಟೋನ ಬಾಗಿಲು ಕಾಯೋದು ಮೂರು ತಲೆಯ ನಾಯಿ. ಅರಸೀಕೆರೆಯಲ್ಲಿ ವೇಷಭೂಷಣ ಬಾಡಿಗೆ ಕೊಡೋನು, "ಯಮನ ಕೋಣ ಐತೆ, ತಗಂಡೋಗಿ," ಅಂದ. ಕೋಣ ಬೇಡಪ್ಪಾ, ನಾಯಿ ಬೇಕು ಅಂದೆ.

"ರಾವಣಂದು ಹತ್ತು ತಲೆ ಐತೆ. ಮೂರು ಕಟ್ಕಳಿ, ಏಳು ವಾಪಸ್ ತನ್ನಿ."

ನನಗೆ ರೇಗಿಹೋಯ್ತು. "ನಾಯಿಗೆ ಅಂಥಾ ಮೀಸೆ ಇರುತ್ತೇನ್ರೀ?"

"ಮೂರು ತಲೆ ಇರ್ತದಾ?" ಅಂದ.

೩. ಒಂದು ಕಾಳು ದಾಳಿಂಬೆ

ಪಿ.ಟಿ. ಮೇಷ್ಟ್ರು ಪ್ಲೂಟೋ. ಅವನು ಹೊತ್ತೊಯ್ಯೋ ಹುಡುಗಿ ಪ್ರೊಸರ್ಪಿನಾ, ಗ್ರೀಕರು ಪರ್ಸೆಫೊನಿ ಅನ್ನೋಳು, ನಮ್ಮ ವಿಜ್ಞಾನದ ಮಿಸ್ಸು. ಪಾತಾಳದಲ್ಲಿ ಒಂದೇ ಒಂದು ಕಾಳು ದಾಳಿಂಬೆ ತಿಂದರೂ ಸಾಕು, ಅವಳು ಪ್ರತಿ ವರ್ಷ ಅಲ್ಲಿಗೆ ವಾಪಸ್ ಹೋಗಲೇಬೇಕು. ಇಡೀ ನಾಟಕ ನಿಂತಿರೋದೇ ಆ ಕಾಳಿನ ಮೇಲೆ.

ಸ್ಪರ್ಧೆಯ ದಿನ ವೇದಿಕೆ ಮೇಲೆ ಮಿಸ್ಸು ಕಾಳನ್ನ ಬಾಯಿ ಹತ್ತಿರ ತಂದಳು. ಮುಂದಿನ ಸಾಲಲ್ಲಿ ಕೂತಿದ್ದ ಅವಳ ಅಜ್ಜಿ, ಗೆಂಡೆಹಳ್ಳಿಯಿಂದ ಬಂದಿದ್ದವರು, ದಡಕ್ಕನೆ ಎದ್ದರು.

"ತಿನ್ಬ್ಯಾಡ ಕಣೇ! ಮಾತುಕತೆ ಆಗೋಕ್ ಮುಂಚೆ ಗಂಡಿನ ಮನೇಲಿ ಬಾಯಿಗೆ ಇಕ್ತಾರಾ?"

ಮಿಸ್ಸು ಕಾಳನ್ನ ತಟ್ಟೆಗೇ ಹಾಕಿದಳು! ಎಂ.ಎಸ್ಸಿ. ಓದಿದ ಹುಡುಗಿ! ಪರದೆ ಪಕ್ಕದಿಂದ ನಾನು "ತಿನ್ನೇ, ತಿನ್ನು!" ಅಂತ ಹಲ್ಲು ಕಡಿದೆ. ಅವಳು ತಲೆ ಬಗ್ಗಿಸಿ ನಿಂತೇಬಿಟ್ಟಳು.

ಮೇಷ್ಟ್ರು ನಾಟಕ ಉಳಿಸೋಕೆ ಹೋದರು. "ಅಜ್ಜೀ, ನಾವು ಒಳ್ಳೇ ಮನೆತನದವರೇ."

"ಹಂಗಾರೆ ನಿಮ್ಮಪ್ಪನ್ನ ಕರ್ಕಂಡ್ ಬಾ, ಮಾತಾಡಾನ."

ಒಂದು ತಿಂಗಳು ಕಲಿಸಿದರೂ ನಾಲ್ಕು ಸಾಲು ಬಾಯಿಗೆ ಬಾರದ ಆ ಮನುಷ್ಯನಿಗೆ ಆಗಲೇ ರೋಮನ್ನರ ಪುರಾಣ ನೆನಪಾಗಬೇಕೇ?

"ಅಪ್ಪ ಬೇಡ ಅಜ್ಜೀ. ಅವನು ಹುಟ್ಟಿದ ಮಕ್ಕಳನ್ನೆಲ್ಲ ನುಂಗ್ತಾನೆ."

ಅಜ್ಜಿ ವೇದಿಕೆ ಹತ್ತಿ ಮೊಮ್ಮಗಳ ಕೈ ಹಿಡಿದು ಇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಓದ್ದೋರು ನೀವು! ಇಂಥಾ ಮನೆಗಾ ನಮ್ ಹೆಣ್ಣು ಕೊಡ್ಸಾಕೆ ಹೊಂಟಿದ್ದು?"

ಮೂರೂ ಜನ ತೀರ್ಪುಗಾರರು ಹೌದೌದು ಅಂತ ತಲೆಯಾಡಿಸಿದರು.